ಎಡಗಾಲಿನ ಕಲ್ಲು

ಕಂಪನಿಯವರು ಗೋದಾಮನ್ನು ಹೊಸೂರಿನಿಂದ ಕೃಷ್ಣಗಿರಿಗೆ ಎತ್ತಿಕೊಂಡು ಹೋದಾಗ ಆವುಲಪ್ಪ ಕೇಳಿದ್ದು ಒಂದೇ ಮಾತು: ದಿನಾ ಐವತ್ತು ಕಿಲೋಮೀಟರು ಹೋಗಿಬರುವ ಬಸ್ಸಿನ ದುಡ್ಡು ಯಾರು ಕೊಡುತ್ತಾರೆ? ಮೇನೇಜರು ನಕ್ಕು, ಅಲ್ಲೇ ಒಂದು ಮನೆ ಮಾಡಿಕೋ ಅಂದ. ಹೊಸೂರಿನ ಮೂಕಂಡಪಲ್ಲಿಯ ಆ ಒಂದೂವರೆ ಕೋಣೆಯ ಬಾಡಿಗೆ ಮನೆ ಎಂಥದೆಂದು ಅವನಿಗೇನು ಗೊತ್ತು? ಅಡುಗೆಮನೆಯ ಗೋಡೆಯಲ್ಲಿ ಹೆಂಡತಿ ಭಾಗ್ಯಲಕ್ಷ್ಮಿ ಸೊಟ್ಟಗೆ ಹೊಡೆದಿದ್ದ ಮೊಳೆಗಳು ಹಾಗೇ ಇದ್ದವು. ಅವಳು ತೀರಿಕೊಂಡು ಹದಿನಾಲ್ಕು ತಿಂಗಳಾಗಿತ್ತು. ಬಸ್ಸಿಗೆ ಕೊಟ್ಟರೆ ಬಾಡಿಗೆಗಿಲ್ಲ, ಬಾಡಿಗೆ ಕೊಟ್ಟರೆ ಬಸ್ಸಿಗಿಲ್ಲ. ಮನೆ ಬಿಡುವುದೊಂದನ್ನು ಬಿಟ್ಟು ಬೇರೆ ಏನು ಬೇಕಾದರೂ ಮಾಡಲು ಅವನು ತಯಾರಿದ್ದ.

ಅಂಥ ಹೊತ್ತಿಗೆ ಬಸ್ಸಿನ ಸೀಟಿನ ಸಂದಿಯಲ್ಲಿ ಅವನಿಗೆ ಆ ಪಾಸು ಸಿಕ್ಕಿತು. ಮೇಲೆ ಗಾಲಿಕುರ್ಚಿಯ ಚಿತ್ರ. ಕುಂಟರ ಉಚಿತ ಪಾಸು! ಒಳಗೆ ಅವನಷ್ಟೇ ವಯಸ್ಸಿನ, ದಪ್ಪ ಮೀಸೆಯವನೊಬ್ಬನ ಫೋಟೋ. ಕಳೆದುಕೊಂಡವನ ಕೈಗೆ ತಲುಪಿಸಬೇಕು ಅಂತ ಒಂದು ಕ್ಷಣ ಅನ್ನಿಸಿತು. ಅವನಿಗೆ ಹೊಸದು ಮಾಡಿಕೊಡ್ತಾರೆ ಬಿಡು ಅಂತ ಮರುಕ್ಷಣವೇ ಅನ್ನಿಸಿತು. ಮನಸ್ಸಾಕ್ಷಿಗೂ ಬಸ್ಸಿನ ದುಡ್ಡು ಉಳಿಯುವುದು ಬೇಕಿತ್ತೋ ಏನೋ.

ಅವನು ಅವಸರ ಮಾಡಲಿಲ್ಲ. ಮಾಲೂರು ಕಡೆಯಿಂದ ಬಂದು ಇಪ್ಪತ್ತು ವರ್ಷವಾಗಿದ್ದರೂ ತಮಿಳು ಅವನ ಬಾಯಿಗೆ ಹತ್ತಿತ್ತೇ ಹೊರತು ಕಣ್ಣಿಗೆ ಹತ್ತಿರಲಿಲ್ಲ. ಆದರೂ ಬಸ್ಸಿನ ಬೋರ್ಡು ನೋಡಿ ನೋಡಿ ಹೊಸೂರು, ಕೃಷ್ಣಗಿರಿ ಎರಡರ ಗುರುತು ಸಿಗುತ್ತಿತ್ತು; ಎರಡೂ ಪಾಸಿನಲ್ಲಿದ್ದವು. ಗಡುವಿನ ತಾರೀಕು ಅಂಕಿಯಲ್ಲಿತ್ತು, ಇನ್ನೂ ಏಳು ತಿಂಗಳು. ರುಜು ಇಂಗ್ಲಿಷಿನಲ್ಲಿತ್ತು: ಮುನಿರಾಜ್. ಉಳಿದದ್ದು ಕೈಬರಹದ ಎರಡು ಸಾಲು ತಮಿಳು. ವಿಳಾಸ ಇರಬೇಕು. ಯಾರನ್ನಾದರೂ ಕೇಳಿ ಓದಿಸೋಣವೆಂದರೆ ಕೇಳಲು ಯಾರಿದ್ದರು? ಇದ್ದರೂ ಇಂಥದ್ದನ್ನು ತೋರಿಸಲಾದೀತೇ?

ಫೋಟೋ ಬದಲಿಸುವ ದಡ್ಡತನ ಅವನು ಮಾಡಲಿಲ್ಲ, ಅದರ ಮೇಲೆ ಸರ್ಕಾರಿ ಮುದ್ರೆಯಿತ್ತು. ಫೋಟೋಗೆ ತಕ್ಕ ಹಾಗೆ ತಾನೇ ಮೀಸೆ ಬೆಳೆಸಿದ. ಪ್ಲಾಸ್ಟಿಕ್ ಹೊದಿಕೆಗೆ ಉಪ್ಪುಕಾಗದ ಉಜ್ಜಿ ಮುಖವನ್ನು ಮಸುಕು ಮಾಡಿದ. ಯಾವ ಕಾಲು ಕುಂಟಬೇಕೆಂದು ಮರೆಯಬಾರದಲ್ಲ, ಎಡಚಪ್ಪಲಿಯೊಳಗೆ ಹುಣಸೆಬೀಜದಷ್ಟು ಕಲ್ಲೊಂದನ್ನು ಅಂಟಿಸಿದ. ಮೂರು ವಾರ ಮನೆಯೊಳಗೇ ಅಭ್ಯಾಸ ನಡೆಯಿತು. ಒಂದು ನಿಯಮವನ್ನೂ ಮಾಡಿಕೊಂಡ: ಬಸ್ಸಿನಲ್ಲಿ ಬಾಯಿ ಬಿಡಬಾರದು. ಮಾತಾಡಿದವನನ್ನು ಜನ ನೆನಪಿಟ್ಟುಕೊಳ್ಳುತ್ತಾರೆ.

ಮೊದಲ ದಿನ ಬೇಕೆಂದೇ ಬೆಳಗಿನ ನೂಕುನುಗ್ಗಲಿನ ಬಸ್ಸು ಹಿಡಿದ. ಕಂಡಕ್ಟರು ಗಾಲಿಕುರ್ಚಿಯನ್ನು ನೋಡಿದ, ಕಾಲನ್ನು ನೋಡಿದ, ತಲೆಯಾಡಿಸಿ ಮುಂದೆ ಹೋದ. ಅಷ್ಟೇ! ಇಷ್ಟು ಸಲೀಸಾದದ್ದಕ್ಕೆ ಇಷ್ಟು ದಿನ ದುಡ್ಡು ಕೊಟ್ಟೆನಲ್ಲಾ ಎಂದು ಹೊಟ್ಟೆ ಉರಿಯಿತು.

ಲೆಕ್ಕಕ್ಕೆ ಸಿಗದೆ ಹೋದದ್ದು ಜನ. ಕುಂಟುತ್ತಾ ಹತ್ತಿದವನಿಗೆ ಹುಡುಗಿಯರು ಎದ್ದು ಸೀಟು ಬಿಟ್ಟರು. ಹೂವಿನ ಬುಟ್ಟಿ ಹೊತ್ತು ಬರುತ್ತಿದ್ದ ಪಾಪಮ್ಮ ಎಂಬ ಮುದುಕಿ ಒಂದು ದಿನ, "ಕಾಲ್ಗೇನಾಯ್ತು ಕಣಪ್ಪಾ?" ಅಂದಳು. ಏನಾಯ್ತು ಅಂತ ಆವುಲಪ್ಪನನ್ನು ಯಾರಾದರೂ ಕೇಳಿ ಎಷ್ಟು ಕಾಲವಾಗಿತ್ತು! ಗೋದಾಮಿನಲ್ಲಿ ಅವನು ಬರೀ ಒಂದು ನಂಬರು. ಮನೆಯಲ್ಲಿ ಕುಕ್ಕರು ಕೂಗಿದರೆ ಅದೇ ಸದ್ದು. ನಿಯಮ ಗಾಳಿಗೆ ಹೋಯಿತು. ಕಾಲಿನ ಮೇಲೆ ಮಿಷನ್ನು ಬಿದ್ದ ಕತೆ ಹುಟ್ಟಿತು. ದಿನಕ್ಕೊಂದು ಆಸ್ಪತ್ರೆ, ದಿನಕ್ಕೊಬ್ಬ ಡಾಕ್ಟರು ಸೇರಿ ಅದು ಬೆಳೆಯಿತು. ರಾತ್ರಿ ಪೂರ್ತಿ ಉಪಚಾರ ಮಾಡಿದ ಹೆಂಡತಿಯೂ ಕತೆಯೊಳಗೆ ಬಂದಳು. ಅಲ್ಲಿ ಅವಳು ಬದುಕಿದ್ದಳು. ಈಗ ಅವನು ಬಸ್ಸು ಹತ್ತುತ್ತಿದ್ದದ್ದು ದುಡ್ಡು ಉಳಿಸುವುದಕ್ಕೋ, ಮಾತಾಡುವುದಕ್ಕೋ, ಅವನಿಗೇ ತಿಳಿಯದು.

ಮೂರನೇ ತಿಂಗಳು ಶೂಳಗಿರಿಯಲ್ಲಿ ಚೆಕಿಂಗ್ ಇನ್ಸ್‌ಪೆಕ್ಟರ್ ವೆಂಕಟೇಶಪ್ಪ ಹತ್ತಿದರು. ಆವುಲಪ್ಪ ಹೆದರಲಿಲ್ಲ, ಮೀಸೆ, ಕಲ್ಲು, ಹೆಸರು ಎಲ್ಲಾ ಸರಿಯಿದ್ದವು. ಪಾಪಮ್ಮನಿಗೆ ಕತೆ ಹೇಳುವುದನ್ನು ನಿಲ್ಲಿಸಿ ಪಾಸು ಕೊಟ್ಟ. ಅವರು ಪಾಸನ್ನು ಓದಿದರು. ಅವನ ಮುಖ ನೋಡಿದರು. ಇನ್ನೊಂದು ಸಲ ಓದಿದರು.

"ಕನ್ನಡದೋರಾ? ಯಾವೂರು ನಿಂದು?"

"ಮಾಲೂರು ತಾವ ಸಾ."

"ಹೆಸ್ರು?"

"ಮುನಿರಾಜ್ ಸಾ."

"ಕಾಲ್ಗೇನಾಯ್ತು?"

ಅಂಥ ಮೆತ್ತನೆಯ ದನಿ. ಆವುಲಪ್ಪ ಹೇಳಿದ. ಮಿಷನ್ನು ಬಿದ್ದದ್ದು, ರಕ್ತ ಹರಿದದ್ದು, "ನನ್ ಹೆಂಡ್ತಿ ಒಬ್ಳು ಇಲ್ದಿದ್ರೆ ನಾನು ಹೋಗ್ಬುಡ್ತಿದ್ದೆ ಸಾ" ಅಂದದ್ದು, ಯಾವುದನ್ನೂ ಬಿಡಲಿಲ್ಲ. ವೆಂಕಟೇಶಪ್ಪ ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿದರು. ಭಾಗ್ಯಲಕ್ಷ್ಮಿ ಹೋದಮೇಲೆ ಅವನ ಮಾತನ್ನು ಯಾರೂ ಅಷ್ಟು ಗಮನವಿಟ್ಟು ಕೇಳಿರಲಿಲ್ಲ. ಕತೆ ಮುಗಿಯುವಷ್ಟರಲ್ಲಿ ಅವನ ಕಣ್ಣಲ್ಲಿ ನಿಜವಾದ ನೀರಿತ್ತು.

ವೆಂಕಟೇಶಪ್ಪ ಗಾಲಿಕುರ್ಚಿಯ ಮೇಲೆ ಬೆರಳಿಟ್ಟರು. "ಈ ಚಿತ್ರ ಕುಂಟ್ರಿಗೇ ಅಂತಲ್ಲ ಕಣಪ್ಪಾ, ಅಂಗವಿಕಲರ ಎಲ್ಲಾ ಪಾಸ್‌ಗೂ ಇದ್ನೇ ಹಾಕ್ತಾರೆ." ಬೆರಳು ಕೆಳಗಿಳಿದು, ಅವನು ವಿಳಾಸ ಅಂದುಕೊಂಡಿದ್ದ ಎರಡು ಸಾಲಿನ ಮೇಲೆ ನಿಂತಿತು. ಅವರು ತಮಿಳನ್ನು ನಿಧಾನವಾಗಿ ಕನ್ನಡದಲ್ಲಿ ಓದಿದರು: "ಹುಟ್ಟಿದಾಗ್ಲಿಂದ ಕಿವಿ ಕೇಳ್ಸಲ್ಲ. ಮಾತು ಬರಲ್ಲ." ಪಾಪಮ್ಮ ಬುಟ್ಟಿಯನ್ನು ತನ್ನ ಕಡೆಗೆ ಎಳೆದುಕೊಂಡಳು. ಆವುಲಪ್ಪನ ಎಡಗಾಲಿಗೆ ಕಲ್ಲು ಒತ್ತುತ್ತಲೇ ಇತ್ತು. ಕಲ್ಲು ಬೇಕಿರಲಿಲ್ಲ, ಕುಂಟುವುದೂ ಬೇಕಿರಲಿಲ್ಲ. ಹದಿನೇಳು ತಿಂಗಳಿಂದ ಮನೆಯಲ್ಲಿ ಮಾತಿಲ್ಲದೆ ಹೇಗಿದ್ದನೋ ಬಸ್ಸಿನಲ್ಲೂ ಹಾಗೇ ಇದ್ದಿದ್ದರೆ ಸಾಕಾಗಿತ್ತು.