ಕಂಬಿ ಹಿಡಿದ ಕೈಗಳು

ಕಬ್ಬಿನ ಟ್ರ್ಯಾಕ್ಟರನ್ನು ಹಿಂದಿಕ್ಕಲೆಂದು ಬಾಳಪ್ಪ ಹೂಗಾರ ಬಸ್ಸನ್ನು ಬಲಕ್ಕೆ ತಂದದ್ದೇ ತಡ, ಸ್ಟೇರಿಂಗ್ ಚಕ್ರ ಅವನ ಎರಡೂ ಅಂಗೈಗಳನ್ನು ಹಿಸುಕಿತು. ನೋವಾಗುವಂತೇನಲ್ಲ. ಸಂತೆಯ ಗದ್ದಲದಲ್ಲಿ ಮಗು ಅಪ್ಪನ ಬೆರಳನ್ನು ಗಟ್ಟಿಯಾಗಿ ಹಿಡಿಯುತ್ತದಲ್ಲ, ಹಾಗೆ. ಎದುರಿಗೆ ದೂರದಲ್ಲಿ ಒಂದು ಕಾರು ಬರುತ್ತಿತ್ತು. ಬಾಳಪ್ಪನ ಲೆಕ್ಕದಲ್ಲಿ ಬೇಕಾದಷ್ಟು ಜಾಗವಿತ್ತು. ಹಿಂದೆ ಕೂತ ಐವತ್ತೊಂದು ಜನರ ಲೆಕ್ಕದಲ್ಲಿ ಇರಲಿಲ್ಲ. ಅವನು ಗೊಣಗುತ್ತ ಬಸ್ಸನ್ನು ಮತ್ತೆ ಟ್ರ್ಯಾಕ್ಟರಿನ ಬೆನ್ನ ಹಿಂದೆ ತಂದ. ಚಕ್ರ ಸಡಿಲವಾಯಿತು.

"ಮೂವತ್ತು ವರ್ಷ ನಾ ಸ್ಟೇರಿಂಗ್ ಹಿಡದೆ. ಈಗ ಸ್ಟೇರಿಂಗ್ ನನ್ನ ಹಿಡಿಯಾಕತ್ತೈತಿ," ಎಂದ.

ಬಾಗಿಲ ಪಕ್ಕದ ಒಂಟಿ ಸೀಟಿನಲ್ಲಿ, ತೊಡೆಯ ಮೇಲೆ ಸಣ್ಣ ಪರದೆಯೊಂದನ್ನು ಇಟ್ಟುಕೊಂಡು ಕೂತಿದ್ದ ಡಾಕ್ಟರ್ ಆಫ್ರೀನ್ ನದಾಫ್ ನಕ್ಕರು. ಆ ಚಕ್ರಕ್ಕೆ ಹಿಸುಕುವುದನ್ನು ಕಲಿಸಿದವರು ಅವರೇ.

ಇದು ಎರಡು ಸಾವಿರದ ಐವತ್ತಾರನೆಯ ಇಸವಿಯ ಮಾತು. ದೊಡ್ಡ ಊರುಗಳ ಆರು ಪಥದ ರಸ್ತೆಗಳಲ್ಲಿ ಬಸ್ಸುಗಳು ತಾವೇ ಓಡಾಡಿಕೊಂಡಿದ್ದವು. ಆದರೆ ಬಾಗಲಕೋಟೆಯಿಂದ ಹುಬ್ಬಳ್ಳಿ, ಯಲ್ಲಾಪುರ ದಾಟಿ, ಅರಬೈಲು ಘಟ್ಟ ಇಳಿದು ಕಾರವಾರ ಸೇರುವ ದಾರಿಯಲ್ಲಿ ಆ ಜಾಣ ಬಸ್ಸುಗಳು ಕೈ ಚೆಲ್ಲಿದ್ದವು. ರಸ್ತೆಗೆ ಅಡ್ಡ ಮಲಗಿದ ಎಮ್ಮೆ, ತಪ್ಪು ಬದಿಯಲ್ಲಿ ನುಗ್ಗುವ ಟೆಂಪೊ, ತಿರುವಿನಲ್ಲೇ ಕೆಟ್ಟು ನಿಂತ ಲಾರಿ, ಇವನ್ನೆಲ್ಲ ಸಂಭಾಳಿಸಲು ಇನ್ನೂ ಮನುಷ್ಯನೇ ಬೇಕಾಗಿತ್ತು. ಬಸ್ಸು ಬ್ಯಾಟರಿಯದ್ದು, ಡ್ರೈವರು ಹಳಬ.

ಆಫ್ರೀನರ ಯಂತ್ರ ನೋಡಲು ಯಂತ್ರದಂತೆಯೇ ಇರಲಿಲ್ಲ. ಪ್ರತಿ ಸೀಟಿನ ಬೆನ್ನಿಗೂ ಹಿಂದಿನವರು ಹಿಡಿದುಕೊಳ್ಳಲೆಂದು ಒಂದು ಕಂಬಿ ಇರುತ್ತದಷ್ಟೆ. ಆ ಕಂಬಿಗೆ ಅವರು ಸಿಪ್ಪೆಯಷ್ಟು ತೆಳುವಾದ ಪಟ್ಟಿ ಸುತ್ತಿಸಿದ್ದರು. ಪಟ್ಟಿಯೊಳಗೆ ಒತ್ತಿದರೆ ವಿದ್ಯುತ್ತು ಹುಟ್ಟಿಸುವ ಪುಡಿ ಹರಳುಗಳು. ಹಿಂದೆ ಅಡುಗೆಮನೆಯ ಗ್ಯಾಸ್ ಲೈಟರಿನಲ್ಲಿ ಟಕ್ ಎಂದು ಕಿಡಿ ಹಾರಿಸುತ್ತಿದ್ದದ್ದೂ ಇದೇ ಜಾತಿಯ ಹರಳು. ಯಾರು ಎಷ್ಟು ಬಿಗಿಯಾಗಿ ಕಂಬಿ ಹಿಡಿದರು ಎಂಬುದು ಅದರಿಂದ ತಿಳಿಯುತ್ತಿತ್ತು. ಗುಂಡಿಗೆ ಬಿದ್ದ ಮೇಲೆ ಹಿಡಿಯುವುದು ಒಂದು, ಬೀಳುವ ಮೊದಲೇ ಹಿಡಿಯುವುದು ಇನ್ನೊಂದು. ಮೊದಲನೆಯದು ರಸ್ತೆಯ ತಪ್ಪು, ಎರಡನೆಯದು ಭಯ. ಯಂತ್ರ ಮೊದಲನೆಯದನ್ನು ಕಳೆದು, ಎರಡನೆಯದನ್ನು ಮಾತ್ರ ಒಟ್ಟುಗೂಡಿಸಿ ಸ್ಟೇರಿಂಗಿಗೆ ಕಳಿಸುತ್ತಿತ್ತು. ಚಕ್ರದ ಹೊದಿಕೆ ಉಬ್ಬಿ ಡ್ರೈವರನ ಅಂಗೈಯನ್ನು ಅಮುಕುತ್ತಿತ್ತು. ಬಸ್ಸಿನಲ್ಲಿ ಕೂತ ಎಲ್ಲರ ಅಂಜಿಕೆ, ಬಸ್ಸು ನಡೆಸುವವನ ಕೈಗೆ. ಕಾಗದಪತ್ರಗಳಲ್ಲಿ ಅದಕ್ಕೊಂದು ಉದ್ದನೆಯ ಹೆಸರಿತ್ತು. ಡಿಪೋದಲ್ಲಿ ಅದನ್ನು 'ಹೆದರಿಕಿ ಡಬ್ಬಿ' ಎನ್ನುತ್ತಿದ್ದರು.

ಬಾಳಪ್ಪನಿಗೆ ಆ ಡಬ್ಬಿಯ ಮೇಲೆ ಸಿಟ್ಟಿತ್ತು, ಅದಕ್ಕೆ ಕಾರಣವೂ ಇತ್ತು. ಮೂವತ್ತು ವರ್ಷ ಒಂದೂ ಅಪಘಾತವಿಲ್ಲದೆ ಓಡಿಸಿದವನಿಗೆ ಸಾರಿಗೆ ಸಂಸ್ಥೆ ಚಿನ್ನದ ಪದಕ ಕೊಡುತ್ತಿತ್ತು. ಅವನಿಗೆ ಇನ್ನು ನಾಲ್ಕೇ ತಿಂಗಳು ಬಾಕಿ. ಮನೆಯ ಪಡಸಾಲೆಯಲ್ಲಿ ಆ ಪದಕ ತೂಗುಹಾಕಲು ಮೊಳೆ ಹೊಡೆದೇ ಎರಡು ವರ್ಷವಾಗಿತ್ತು. ಅಷ್ಟರಲ್ಲಿ ಈ ಆರು ತಿಂಗಳ ಪರೀಕ್ಷೆ ವಕ್ಕರಿಸಿತು. ಹಿಸುಕುವುದು ಒಂದು ಮಿತಿ ದಾಟಿದರೆ ದಾಖಲೆಯಲ್ಲಿ ಕೆಂಪು ಗೆರೆ ಬೀಳುತ್ತದೆ. ಮೂರು ಗೆರೆ ಬಿದ್ದರೆ ಪದಕವಿಲ್ಲ. ಬಾಳಪ್ಪನಿಗೆ ಆಗಲೇ ಎರಡು ಬಿದ್ದಿದ್ದವು. ಇವತ್ತು ಪರೀಕ್ಷೆಯ ಕೊನೆಯ ದಿನ, ಉಳಿದದ್ದು ಘಟ್ಟ.

ಯಲ್ಲಾಪುರದಲ್ಲಿ ಬಸ್ಸು ಇಪ್ಪತ್ತು ನಿಮಿಷ ನಿಂತಿತು. ಹೋಟೆಲಿನ ಮೂಲೆಯ ಮೇಜಿನಲ್ಲಿ ಬಾಳಪ್ಪನೂ ಆಫ್ರೀನರೂ ಚಹಾ ಮುಂದಿಟ್ಟುಕೊಂಡು ಕೂತರು.

"ಮೇಡಂ, ಸಿಟ್ಟಾಗಬ್ಯಾಡ್ರಿ, ಒಂದು ಕೇಳ್ತೀನಿ," ಎಂದ ಬಾಳಪ್ಪ. "ಮಂದಿ ಹೆದರಿಕಿ ಅಳಿಯೂ ಹುಚ್ಚು ನಿಮಗ್ಯಾಕ ಹತ್ತಿತು?"

ಆಫ್ರೀನ್ ಲೋಟ ಕೆಳಗಿಟ್ಟು ಹೇಳಿದರು. "ಧಾರವಾಡದಾಗ ಓದೂ ಮುಂದ, ಅಣ್ಣಾರ. ನಾ ಒಂದು ಬಸ್ಸಿನ್ಯಾಗ ಘಟ್ಟ ಇಳೀತಿದ್ದೆ. ಡ್ರೈವರ್ ಒಂದೇ ತಿರುವಿನ್ಯಾಗ ಎರಡು ಲಾರಿ ಓವರ್‌ಟೇಕ್ ಮಾಡಿದ. ಎಲ್ಲಾರೂ ಕಂಬಿ ಗಟ್ಟಿ ಹಿಡಕೊಂಡು ಕುಂತಿದ್ವಿ, ಒಬ್ಬರೂ ಪಿಟಕ್ಕನಲಿಲ್ಲ. ಕೆಳಗ ಇಳದ ಮ್ಯಾಲೆ ಚಾ ಕುಡೀತ 'ಭಾರಿ ಓಡಸ್ತಾನಪಾ ಇಂವ' ಅಂತ ನಕ್ಕೊಂತ ನಿಂತ್ವಿ. ಮರುದಿನ ಅದೇ ತಿರುವಿನ್ಯಾಗ ಆ ಬಸ್ಸು ಉರುಳಿತು. ಹನ್ನೊಂದು ಮಂದಿ ಹೋದರು."

"ನೀವು ಹೇಳಿದ್ರ ಅಂವ ಕೇಳ್ತಿದ್ದನೇನ್ರಿ?"

"ಗೊತ್ತಿಲ್ಲರಿ. ನಾ ಹೇಳಲಿಲ್ಲ ಅನ್ನೂದಷ್ಟ ಗೊತ್ತು. ಬಾಯಿ ಇತ್ತು, ಬಿಡಲಿಲ್ಲ. ಅವತ್ತಿನಿಂದ ನನಗ ಒಂದ ಯೋಚನಿ. ನಮ್ಮ ಮಂದಿ ಬಾಯಿ ಬಿಡಾಂಗಿಲ್ಲ, ಕೈ ಮಾತ್ರ ಸುಳ್ಳು ಹೇಳಾಂಗಿಲ್ಲ. ಕೈ ಮಾತು ಡ್ರೈವರಗ ಮುಟ್ಟಬೇಕು ಅಂತ."

ಬಾಳಪ್ಪ ಚಹಾದ ಲೋಟವನ್ನು ಸುಮ್ಮನೆ ತಿರುಗಿಸಿದ. ಸ್ವಲ್ಪ ನಿಧಾನ ಹೋಗಪ್ಪ ಎಂದು ಯಾರಾದರೂ ಕೂಗಿದರೆ ತಾನು ಏನು ಹೇಳುತ್ತಿದ್ದೆ ಎಂಬುದು ಅವನಿಗೆ ನೆನಪಾಯಿತು. 'ಅಷ್ಟು ಅಂಜಿಕಿ ಇದ್ರ ಮನ್ಯಾಗ ಕುಂದರಬೇಕಿತ್ತು.' ಹಾಗೆಂದಾಗಲೆಲ್ಲ ಇಡೀ ಬಸ್ಸು ಗೊಳ್ಳೆಂದು ನಗುತ್ತಿತ್ತು. ಕೂಗಿದವರು ಮತ್ತೆ ಊರು ಮುಟ್ಟುವವರೆಗೆ ಬಾಯಿ ತೆರೆಯುತ್ತಿರಲಿಲ್ಲ. ಈ ಮಾತನ್ನು ಅವನು ಆಫ್ರೀನರಿಗೆ ಹೇಳಲಿಲ್ಲ.

ಘಟ್ಟ ಶುರುವಾಯಿತು. ಮೊದಲ ತಿರುವು, ಎರಡನೆಯ ತಿರುವು. ಚಕ್ರ ತಣ್ಣಗಿತ್ತು. ಬಾಳಪ್ಪನಿಗೆ ಆಶ್ಚರ್ಯ. ಈ ಆರು ತಿಂಗಳಲ್ಲಿ ಘಟ್ಟದ ಮೊದಲ ತಿರುವಿನಲ್ಲಿ ಅವನ ಅಂಗೈ ಒಮ್ಮೆಯೂ ಆರಾಮವಾಗಿ ಇದ್ದದ್ದಿಲ್ಲ. ಕನ್ನಡಿಯಲ್ಲಿ ನೋಡಿದ. ಮೂರನೆಯ ಸಾಲಿನಲ್ಲಿ ಶಾಂತವ್ವ ಕಂಡಳು. ವಾರಕ್ಕೊಮ್ಮೆ ಕಾರವಾರದ ಖಾನಾವಳಿಗಳಿಗೆ ಖಡಕ್ ರೊಟ್ಟಿ ಒಯ್ಯುವ, ಹನ್ನೆರಡು ವರ್ಷದಿಂದ ಇವನದೇ ಬಸ್ಸು ಕಾದು ಹತ್ತುವ ಮುದುಕಿ. ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ನೆಮ್ಮದಿಯಾಗಿ ಕೂತಿದ್ದಳು. ಅವಳ ಹಿಂದಿನವರೂ ಹಾಗೇ. ಕೊನೆಗೂ ಜನಕ್ಕೆ ನನ್ನ ಮೇಲೆ ನಂಬಿಕೆ ಬಂತು ಎಂದುಕೊಂಡ ಬಾಳಪ್ಪ. ಮೂವತ್ತು ವರ್ಷದ ಕೈ, ಸುಮ್ಮನೆ ಮಾತೇ? ಪದಕ ಮೊಳೆಯ ಮೇಲೆ ತೂಗುವುದು ಕಣ್ಣಿಗೆ ಕಟ್ಟಿತು.

ಐದನೆಯ ತಿರುವಿನ ಹತ್ತಿರ ಗ್ಯಾಸ್ ಟ್ಯಾಂಕರೊಂದು ಆಮೆಯಂತೆ ಇಳಿಯುತ್ತಿತ್ತು. ಬಾಳಪ್ಪ ಹಾರ್ನ್ ಹೊಡೆದ. ಬಲಕ್ಕೆ ಎಳೆದ. ತಿರುವಿನಾಚೆ ಏನೂ ಕಾಣುತ್ತಿರಲಿಲ್ಲ. ಬೇರೆ ದಿನವಾಗಿದ್ದರೆ ಈ ಹೊತ್ತಿಗೆ ಚಕ್ರ ಹಿಸುಕುತ್ತಿತ್ತು, ಅವನು ಬೈದುಕೊಳ್ಳುತ್ತ ಹಿಂದೆ ಸರಿಯುತ್ತಿದ್ದ. ಇವತ್ತು ಚಕ್ರ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಅವನು ಆಕ್ಸಿಲರೇಟರ್ ಒತ್ತಿದ.

ಆಫ್ರೀನ್ ಪರದೆ ನೋಡುತ್ತಿದ್ದರು. ಅಲ್ಲಿ ಸೊನ್ನೆ. ನಿಂತ ಬಸ್ಸಿನಲ್ಲೂ ಯಾರೋ ಒಬ್ಬರ ಕೈ ಕಂಬಿಯ ಮೇಲಿರುತ್ತದೆ, ಪರದೆಯ ಗೆರೆ ತುಸುವಾದರೂ ನಡುಗುತ್ತದೆ. ಘಟ್ಟದ ತಿರುವಿನಲ್ಲಿ ಐವತ್ತೊಂದು ಜನರ ಭಯ ಸೊನ್ನೆ ಆಗಲು ಸಾಧ್ಯವೇ ಇಲ್ಲ. ಅವರು ತಲೆ ಎತ್ತಿದರು.

"ಬಾಳಪ್ಪಣ್ಣಾ, ಬ್ಯಾಡ! ಹಿಂದ ಬರ್ರಿ!"

ಬ್ಯಾಟರಿ ಬಸ್ಸಿನಲ್ಲಿ ಎಂಜಿನ್ನಿನ ಸದ್ದಿಲ್ಲ; ಆ ಕೂಗು ಬಾಳಪ್ಪನ ಕಿವಿಗೆ ಏಟಿನಂತೆ ಬಿತ್ತು. ಅದರ ಬೆನ್ನಿಗೇ, ಕಟ್ಟೆ ಒಡೆದ ಹಾಗೆ, ಇಡೀ ಬಸ್ಸು ಕೂಗಿತು. "ನಿಲ್ಲಸಪಾ!" "ಯಪ್ಪಾ, ಬ್ಯಾಡೋ!" ಬಾಳಪ್ಪ ಬ್ರೇಕು ಅದುಮಿ, ಎಡಕ್ಕೆ ಎಳೆದು, ಟ್ಯಾಂಕರಿನ ಹಿಂದಕ್ಕೆ ಸರಿಸಿದ. ಕಣ್ಣು ಮಿಟುಕಿಸುವಷ್ಟರಲ್ಲಿ ತಿರುವಿನಿಂದ ಲಾರಿಯೊಂದು ಏರಿ ಬಂದು, ಅವನ ಬಸ್ಸು ಈಗಷ್ಟೇ ಇದ್ದ ಜಾಗವನ್ನು ತುಂಬಿಕೊಂಡು ಹಾದುಹೋಯಿತು. ಬಲಗಡೆಯ ಕನ್ನಡಿ ಒಡೆದು ಚೂರಾಯಿತು.

ಸ್ವಲ್ಪ ಮುಂದೆ ಅಗಲವಾದ ಜಾಗದಲ್ಲಿ ಬಸ್ಸು ನಿಂತಿತು. ಬಾಳಪ್ಪನ ಕೈ ಚಕ್ರ ಬಿಟ್ಟು ಬರಲೊಲ್ಲದು. ಕೊನೆಗೆ ಎದ್ದು ಹಿಂದೆ ಬಂದ. ರೊಟ್ಟಿಯ ಬುಟ್ಟಿ ಉರುಳಿ ರೊಟ್ಟಿಗಳೆಲ್ಲ ನಡುದಾರಿಯಲ್ಲಿ ಪುಡಿಪುಡಿಯಾಗಿದ್ದವು. ಬ್ರೇಕು ಬಿದ್ದಾಗ ಶಾಂತವ್ವನ ಮುಖ ಮುಂದಿನ ಕಂಬಿಗೆ ಬಡಿದಿತ್ತು. ತುಟಿ ಒಡೆದು ರಕ್ತ ಬರುತ್ತಿತ್ತು.

"ಯಕ್ಕಾ, ಕಂಬಿ ಹಿಡೀಬೇಕಿಲ್ಲೇನು? ಇಷ್ಟು ವರ್ಷ ಬಸ್ ಹತ್ತೀದಿ," ಎಂದ ಬಾಳಪ್ಪ.

ಶಾಂತವ್ವ ಸೆರಗಿನಿಂದ ತುಟಿ ಒತ್ತಿಕೊಂಡು ಕಂಡಕ್ಟರ್ ಸಿಂಚನಾಳ ಕಡೆ ನೋಡಿದಳು. ಸಿಂಚನಾ ಎಂಟು ವರ್ಷದಿಂದ ಬಾಳಪ್ಪನ ಜೊತೆಗೇ ದುಡಿಯುವ ಹುಡುಗಿ. ಅವಳು ಅಳುತ್ತಲೇ ಹೇಳಿದಳು. "ನಂದ ತಪ್ಪು ಕಾಕಾ. ನೀವು ಚಾ ಕುಡಿಯಾಕ ಹೋದಾಗ ನಾನ ಎಲ್ಲಾರಿಗೂ ಹೇಳಿದೆ. ಘಟ್ಟ ಇಳಿಯೂತನಾ ಯಾರೂ ಕಂಬಿ ಮುಟ್ಟಬ್ಯಾಡ್ರಿ, ಇನ್ನೊಂದು ಗೆರಿ ಬಿದ್ರ ನಮ್ಮ ಕಾಕಾನ ಪದಕ ಹೋಗತೈತಿ ಅಂತ."

"ಅದರಾಗ ತಪ್ಪೇನೈತಿ?" ಎಂದಳು ಶಾಂತವ್ವ. "ಹನ್ನೆರಡು ವರ್ಷ ನನ್ನ ಬುಟ್ಟಿ ಇಳಿಸಿ ಕೊಟ್ಟಾನ ಈ ತಮ್ಮ. ಅವಗೊಂದು ಪದಕ ಬರಲಿ ಅಂತ ಕೈ ಕಟ್ಟಿ ಕುಂತೆ. ಒಳಗ ಜೀವ ಪುಕುಪುಕು ಅಂತಿತ್ತು, ಸುಳ್ಳ್ಯಾಕ ಹೇಳಲಿ."

ಬಾಳಪ್ಪ ಹೋಗಿ ಬಾಗಿಲ ಮೆಟ್ಟಿಲ ಮೇಲೆ ಕೂತ. ಅವನ ಮೇಲಿನ ಪ್ರೀತಿಗೆ ಐವತ್ತೊಂದು ಜನ ಜೀವ ಕೈಯಲ್ಲಿ ಹಿಡಿದು ಕೂತಿದ್ದರು, ಅವನು ಅದನ್ನು ನಂಬಿಕೆ ಎಂದುಕೊಂಡು ಆಕ್ಸಿಲರೇಟರ್ ಒತ್ತಿದ್ದ. ನಾಚಿಕೆಯಿಂದ ಅವನಿಗೆ ಕತ್ತೆತ್ತಲಾಗಲಿಲ್ಲ. ಮೂವತ್ತು ವರ್ಷದಲ್ಲಿ ಹೀಗೆ ಸ್ವಲ್ಪದರಲ್ಲಿ ತಪ್ಪಿದ್ದು ಎಷ್ಟು ಸಲವೋ, ಯಾರು ಬರೆದಿಟ್ಟಿದ್ದಾರೆ? ಅಪಘಾತವಾದರೆ ಮಾತ್ರ ದಾಖಲೆ. ತಪ್ಪಿಹೋದದ್ದಕ್ಕೆ ಚಹಾದಂಗಡಿಯ ನಗು.

ಶಾಂತವ್ವನ ತುಟಿಗೆ ಮದ್ದು ಹಚ್ಚಿ ಆಫ್ರೀನ್ ಅವನ ಪಕ್ಕ ಬಂದು ಕೂತರು. "ನನ್ನ ಯಂತ್ರ ಸೋತಿತು, ಅಣ್ಣಾರ."

"ಯಂತ್ರ ಸೋತಿತು, ನೀವು ಸೋಲಲಿಲ್ಲಲ್ರಿ. ಇವತ್ತು ಬಾಯಿ ಬಿಟ್ರಿ." ಬಾಳಪ್ಪ ಮುಖ ಒರೆಸಿಕೊಂಡ. "ಮೇಡಂ, ಮೂರನೇ ಗೆರಿ ಹಾಕ್ರಿ."

"ಯಂತ್ರದಾಗ ಏನೂ ಬಂದಿಲ್ಲ. ಸೊನ್ನಿ ಐತಿ."

"ಯಂತ್ರದಾಗ ಬಂದಿಲ್ಲ. ಯಕ್ಕನ ತುಟಿಮ್ಯಾಲೆ ಬಂದೈತಿ. ನಿಮ್ಮ ಕೈಲೇ ಬರೀರಿ, ನಾ ಸಹಿ ಹಾಕ್ತೀನಿ."

ಬರೆದರು. ಅವನು ಸಹಿ ಹಾಕಿದ. ಆಮೇಲೆ ಎದ್ದು ನಿಂತು, ಜನರ ಕಡೆ ಮುಖ ಮಾಡಿ, ಹುಟ್ಟಿದಾಗಿನಿಂದ ಆಡದ ಮಾತೊಂದನ್ನು ಆಡಿದ. "ಕಂಬಿ ಹಿಡಕೋರಿ. ಹೆದರಿಕಿ ಆದ್ರ ಬಾಯಿ ಬಿಟ್ಟು ಹೇಳ್ರಿ. ನಾ ಸಿಟ್ಟಾಗಾಂಗಿಲ್ಲ." ಅಂದು ಘಟ್ಟದ ಉಳಿದ ಭಾಗ ಇಳಿಯಲು ಎಂದಿಗಿಂತ ಹದಿಮೂರು ನಿಮಿಷ ಹೆಚ್ಚು ಹಿಡಿಯಿತು.

ಪದಕ ಬರಲಿಲ್ಲ. ಬೇಸರವಾಗಲಿಲ್ಲ ಎಂದರೆ ಸುಳ್ಳಾದೀತು. ಕೆಲವು ದಿನ ಅವನು ಪಡಸಾಲೆಯ ಆ ಗೋಡೆಯ ಕಡೆ ನೋಡದೆಯೇ ಓಡಾಡಿದ. ಆಮೇಲೆ ಮೊಳೆಗೆ ಕ್ಯಾಲೆಂಡರ್ ತೂಗುಹಾಕಿದ. ಆಫ್ರೀನರ ಯಂತ್ರ ಮಾತ್ರ ಒಪ್ಪಿಗೆಯಾಗಿ ನೂರಾರು ಬಸ್ಸುಗಳಿಗೆ ಬಂತು. ಒಂದು ಷರತ್ತನ್ನು ಅವರು ಬಿಟ್ಟುಕೊಡಲಿಲ್ಲ. ಘಟ್ಟ ಶುರುವಾಗುವ ಮೊದಲು ಡ್ರೈವರು ಎದ್ದು ನಿಂತು ಬಾಳಪ್ಪನ ಆ ಮಾತನ್ನು ಹೇಳಲೇಬೇಕು. ಗೆರೆ ಬಿದ್ದರೆ ಪದಕ ಕಸಿಯುವ ನಿಯಮವನ್ನು ಹಟ ಹಿಡಿದು ತೆಗೆಸಿದರು.

ಐದು ವರ್ಷಗಳ ನಂತರ, ನಿವೃತ್ತನಾದ ಬಾಳಪ್ಪ ಬಾಣಂತಿ ಮಗಳನ್ನು ನೋಡಲು ಅಂಕೋಲೆಗೆ ಹೊರಟಿದ್ದ. ಸಿಕ್ಕಿದ್ದು ಯಾವುದೋ ಹಳೆಯ ಬಸ್ಸು. ಅದರಲ್ಲಿ ಯಂತ್ರವಿರಲಿಲ್ಲ. ಡ್ರೈವರು ಮೀಸೆ ಚಿಗುರಿದ ತರುಣ. ಕೈ ಚುರುಕು, ಅವಸರ ಇನ್ನೂ ಚುರುಕು. ಮೂರನೆಯ ತಿರುವಿನಲ್ಲಿ ಅವನು ಲಾರಿಯೊಂದರ ಬಲಕ್ಕೆ ಮೂತಿ ತೂರಿಸಿದಾಗ ಬಾಳಪ್ಪನ ಕೈ ತಾನಾಗಿಯೇ ಕಂಬಿಗೆ ಹೋಯಿತು. ಪಕ್ಕದವರದೂ, ಮುಂದಿನವರದೂ. ಹೇಳಬೇಕು ಎಂದುಕೊಂಡ. ನಾಲಿಗೆ ಏಳಲಿಲ್ಲ. ಯಾರಾದರೂ ನಕ್ಕರೆ? 'ಮನ್ಯಾಗ ಕುಂದರಬೇಕಿತ್ತು ಅಜ್ಜಾ' ಎಂದರೆ? ಪ್ರಯಾಣಿಕನ ಸೀಟಿನಿಂದ ಡ್ರೈವರನ ಬೆನ್ನು ಇಷ್ಟು ದೂರ ಕಾಣುತ್ತದೆಂದು ಅವನಿಗೆ ಗೊತ್ತೇ ಇರಲಿಲ್ಲ.

ಅವನಿನ್ನೂ ಹಿಂದೆಮುಂದೆ ನೋಡುತ್ತಿರುವಾಗಲೇ ಹಿಂದಿನ ಸೀಟಿನಿಂದ ಒಂದು ಹೆಣ್ಣು ದನಿ ಕೇಳಿತು. ಅವನು ಯಾರೆಂದು ಅವಳಿಗೆ ತಿಳಿದಿರುವ ಸಂಭವವೇ ಇರಲಿಲ್ಲ.

"ಡ್ರೈವರಣ್ಣಾ, ನಮಗ ಹೆದರಿಕಿ ಆಗಾಕತ್ತೈತಿ."

"ಹೌದು ತಮ್ಮಾ, ನಿಧಾನ ಹೋಗು," ಎಂದರು ಇನ್ಯಾರೋ. ಬಾಳಪ್ಪನೂ ದನಿಗೂಡಿಸಿದ. ಯಾರೂ ನಗಲಿಲ್ಲ. ತರುಣ ಕನ್ನಡಿಯಲ್ಲಿ ಒಮ್ಮೆ ನೋಡಿ, "ಆತ್ರಿ, ಆತ್ರಿ," ಎಂದು ಬಸ್ಸನ್ನು ಲಾರಿಯ ಹಿಂದಕ್ಕೆ ತಂದ.

ಬಾಳಪ್ಪ ಕಂಬಿಯಿಂದ ಕೈ ತೆಗೆದು ಅಂಗೈ ನೋಡಿಕೊಂಡ. ಕೆಂಪಗೆ ಗೆರೆ ಮೂಡಿತ್ತು. ಕಂಬಿಯನ್ನೂ ನೋಡಿದ. ಹರಳಿಲ್ಲ, ತಂತಿಯಿಲ್ಲ, ಹಿಡಿದು ಹಿಡಿದು ಬಣ್ಣ ಹೋದ ಬರೀ ಕಬ್ಬಿಣ. ಇವತ್ತು ನಾವು ನೀವು ಹತ್ತುವ ಬಸ್ಸುಗಳಲ್ಲಿ ಇರುತ್ತದಲ್ಲ, ಅಂಥದ್ದೇ.