ಅವಳು ಬರುವುದಕ್ಕೂ ಮೊದಲು

“ಒಳಗ ಬರ್ಲೇನ್ರಿ ಮೇಡಂ?”

ದನಿ ದಾಕ್ಷಾಯಿಣಿಗೆ ಹೊಸದು. ತಿರುಗಿ ನೋಡಿದಳು... ಮುಖ ಹೊಸದಲ್ಲ!

ಎರಡು ವರ್ಷದ ಹಿಂದೆ ಅವಳ ಊರು ತುಕ್ಕಾನಟ್ಟಿಗೆ ಅವಳನ್ನು ನೋಡಲು ಬಂದು, ಅವಳು ತಂದಿಟ್ಟ ಚಹಾ ಮುಟ್ಟದೆ, ಒಂದು ಮಾತೂ ಆಡದೆ ಎದ್ದು ಹೋದ ವರ. ದಡ್ಡಿ ಎಂಬ ಊರಿನ ಬಾಳೇಶ.

ಗೋಕಾಕದ ಕರದಂಟಿನ ಅಂಗಡಿಯೊಂದರ ಮೇಲಿನ ಖೋಲಿಯಲ್ಲಿ ದಾಕ್ಷಾಯಿಣಿ ಸಂಜೆ ಹೊತ್ತು ಇಂಗ್ಲಿಷ್ ಮಾತಾಡಲು ಕಲಿಸುತ್ತಾಳೆ. ಕೆಳಗೆ ಬೆಲ್ಲದ ಪಾಕ ಕುದಿಯತೊಡಗಿತೆಂದರೆ ಮೇಲೆ ಅರ್ಧ ತರಗತಿಯ ಮನಸ್ಸು ಮೆಟ್ಟಿಲಿಳಿದಿರುತ್ತದೆ. ಇವತ್ತು ಮಾತ್ರ ಎಲ್ಲರೂ ಬಾಗಿಲನ್ನೇ ನೋಡುತ್ತಿದ್ದರು.

ಬಾಳೇಶ ತಲೆ ತಗ್ಗಿಸಿಯೇ ಹೇಳಿದ. ಇದೇ ಊರಿನ ಆಸ್ಪತ್ರೆಯಲ್ಲಿ ಅವನು ನರ್ಸ್. ಹೊಸ ಡಾಕ್ಟರಿಗೆ ಕನ್ನಡ ಬಾರದು. ರೋಗಿಗೆ ಮೊದಲು ಏನಾಯಿತು, ಆಮೇಲೆ ಏನಾಯಿತು ಎಂದು ಇಂಗ್ಲಿಷಿನಲ್ಲಿ ಹೇಳಬೇಕು. ಹಿಂದುಮುಂದಾದರೆ ಔಷಧವೇ ತಪ್ಪುತ್ತದೆ.

ಹೋಗಿ ಎನ್ನಬೇಕೆಂದಿದ್ದಳು. ಇಷ್ಟು ಜನರೆದುರು ಏನೆಂದು ಹೇಳಿ ಕಳಿಸುವುದು? ಕೂರಿ ಎಂದಳು.

ಅವನು ಎದ್ದು ಹೋದ ದಿನವೇ ಅವನ ತಾಯಿ ಪಾರವ್ವ ತೀರಿಕೊಂಡಿದ್ದಳು. ಸಂಬಂಧ ತಂದಿದ್ದ ರಾಜಪ್ಪ ಕಾಕಾ ನಾಲ್ಕು ದಿನ ಬಿಟ್ಟು ದಡ್ಡಿಯವರ ಮಾತು ಹೊತ್ತು ತಂದ. ಹುಡುಗಿಯ ಮುಖ ನೋಡಿದ, ತಾಯಿಯನ್ನು ಕಳೆದುಕೊಂಡ, ಕಾಲ್ಗುಣ ಸರಿಯಿಲ್ಲ.

ಆ ಮಾತಿಗೆ ಬಸ್ಸೂ ಬೇಡ, ಟಿಕೆಟ್ಟೂ ಬೇಡ. ಮುಂದೆ ಎಲ್ಲಿ ಸಂಬಂಧ ಕೇಳಿದರೂ ಇವರಿಗಿಂತ ಮೊದಲೇ ಹೋಗಿ ಕೂತಿರುತ್ತಿತ್ತು. ಅಪ್ಪ ಕೆಂಚಪ್ಪ ಕೇಳುವುದನ್ನೇ ಬಿಟ್ಟರು.

ಊರಿನವರ ಮಾತನ್ನು ಅವಳು ಹೇಗೋ ನುಂಗಿಕೊಂಡಿದ್ದಳು. ನುಂಗಲಾರದ್ದು ಬೇರೆ ಇತ್ತು. ‘ಖರೆನೇ ನನ್ನ ಮುಖ ನೋಡಿದ್ದಕ್ಕೇ ಒಬ್ಬ ತಾಯಿ ಹೋದಳೇನು?’ ಬಾಣಂತಿಯರಿರುವ ಮನೆಗೆ ಹೋಗುವುದನ್ನು ಅವಳು ತಾನಾಗಿಯೇ ಬಿಟ್ಟಿದ್ದಳು. ಯಾರೂ ಬೇಡ ಎಂದಿರಲಿಲ್ಲ.

ಆ ವಾರದ ಪಾಠವೂ ಅದೇ ಆಗಬೇಕೆ... ನಡೆದದ್ದನ್ನು ನಡೆದ ಕ್ರಮದಲ್ಲಿ ಹೇಳುವುದು. ಬೋರ್ಡಿನ ಮೇಲೆ ಫಸ್ಟ್, ದೆನ್, ಆಫ್ಟರ್ ದ್ಯಾಟ್, ಬಿಫೋರ್ ಎಂದು ಬರೆದಳು. ನಿಮ್ಮ ಬಾಳಿನ ಒಂದು ದಿನ ಹೇಳಿ ಎಂದಳು. ಮೂಡಲಗಿಯ ಮೇಘಾ ಬಸ್ಸು ತಪ್ಪಿದ ಕಥೆ ಹೇಳುತ್ತ ಬಸ್ಸಿಗಿಂತ ಮೊದಲೇ ಊರು ಮುಟ್ಟಿಬಿಟ್ಟಳು. ಎಲ್ಲರೂ ನಕ್ಕರು.

ಬಾಳೇಶನ ಸರದಿ. ಎದ್ದು ನಿಂತ. ಹಣೆ ಬೆವರಿತ್ತು.

“ವಿ ವೆಂಟ್ ಟು ಸೀ ಎ ಗರ್ಲ್.”

ಹಿಂದೆ ಯಾರೋ ಕಿಸಕ್ಕೆಂದರು. ದಾಕ್ಷಾಯಿಣಿ ಟೇಬಲ್ಲಿನ ಅಂಚು ಹಿಡಿದುಕೊಂಡಳು.

“ಫಸ್ಟ್, ಫೋನ್ ಕೇಮ್. ಮದರ್ ಫೆಲ್ ಡೌನ್... ದೆನ್, ದ ಗರ್ಲ್ ಕೇಮ್.”

ಈ ಖೋಲಿಯಲ್ಲಿ ಕನ್ನಡ ಆಡಬಾರದೆಂಬ ಕಟ್ಟಳೆ ಮಾಡಿದವಳೇ ಕನ್ನಡದಲ್ಲಿ ಕೇಳಿದಳು.

“ಯಾವುದು ಮೊದಲರಿ? ನೆನಪ ಮಾಡ್ಕೊಂಡು ಹೇಳ್ರಿ.”

“ಫೋನ್ ಫಸ್ಟ್, ಮೇಡಂ. ಬಿಫೋರ್ ದ ಗರ್ಲ್. ಐ ಡಿಡ್ ನಾಟ್ ಗೋ. ಐ ವೇಟೆಡ್. ಐ ವಾಂಟೆಡ್ ಟು ಸೀ ಹರ್.” ಬೋರ್ಡಿನ ಕಡೆ ನೋಡಿದ. “ಆಫ್ಟರ್ ದ್ಯಾಟ್, ಐ ವೆಂಟ್. ಮದರ್ ವಾಸ್ ಗಾನ್.”

ಕನ್ನಡದಲ್ಲಾಗಿದ್ದರೆ ಅವನಿಗೆ ಸುತ್ತಿ ಬಳಸಿ ಹೇಳಲು ನೂರು ದಾರಿ ಇದ್ದವು. ಇಂಗ್ಲಿಷಿನಲ್ಲಿ ಅವನ ಬಳಿ ಇದ್ದದ್ದು ಇಷ್ಟೇ ಮಾತು. ಮುಚ್ಚಿಡಲು ಒಂದೂ ಹೆಚ್ಚಿರಲಿಲ್ಲ.

ಪಾಠ ಬೇಗ ಮುಗಿಯಿತು. ಎಲ್ಲರೂ ಇಳಿದು ಹೋದ ಮೇಲೆ ಅವನು ಬಾಗಿಲ ಬಳಿಯೇ ನಿಂತಿದ್ದ. ದಾಕ್ಷಾಯಿಣಿಗೆ ಹಗುರವಾಗಬೇಕಿತ್ತು, ಅಲ್ಲವೇ? ಬಂದದ್ದು ಸಿಟ್ಟು.

“ಅವ್ವ ಬಿದ್ದದ್ದು ಮೊದಲಂತ ನಿಮಗೊಬ್ಬರಿಗೇ ಗೊತ್ತಿತ್ತು. ಆದ್ರೂ ನನ್ನ ಕಾಲ್ಗುಣ ಅಂದಾಗ ಸುಮ್ಮನ ಕುಂತ್ರಿ.”

“ಕುಂತೆ ರೀ. ಬಾಯಿ ಬಿಟ್ಟಿದ್ರ, ಅವ್ವ ಬಿದ್ದಾಳಂತ ತಿಳಿದ ಮ್ಯಾಲೂ ಹುಡುಗಿ ನೋಡಾಕ ಕುಂತ ಮಗ ಅಂತ ಒಪ್ಪಬೇಕಾಗ್ತಿತ್ತು. ದೊಡ್ಡಪ್ಪ ನಿಮ್ಮ ಹೆಸರು ತಗೊಂಡಾಗ... ನನ್ನ ತಪ್ಪು ನಿಮ್ಮ ತಲಿ ಮ್ಯಾಲ ಹೋಗಾಕ ಬಿಟ್ಟೆ.”

ಅವಳು ಗೋಡೆಗೆ ಮುಖ ಮಾಡಿ ಅತ್ತಳು. ಎರಡು ವರ್ಷದ ಅಳು, ತಡೆದರೆ ನಿಲ್ಲುವಂಥದ್ದಲ್ಲ. ಆದರೆ ಅಳುವಾಗಲೇ ಇನ್ನೊಂದೂ ಹೊಳೆಯಿತು. ತಾಯಿಯ ಸಾವನ್ನು ಹೊತ್ತು ತಿರುಗಿದವಳು ತಾನೊಬ್ಬಳೇ ಅಲ್ಲ.

“ಫೋನ್ ಬಂದಕೂಡ್ಲೇ ಹೊಂಟಿದ್ರೂ ಅವ್ವ ಇರೂದರಾಗ ದಡ್ಡಿ ಮುಟ್ಟತಿದ್ರೇನು? ಎಷ್ಟು ದೂರ ಐತಿ.”

ರೋಗಿಗಳ ಮನೆಯವರಿಗೆ ದಿನಾ ಇಂಥ ಸಮಾಧಾನ ಹೇಳುವವನು ಅವನು. ತನಗೆ ಯಾರೂ ಹೇಳಿರಲಿಲ್ಲ. ಮೆಟ್ಟಿಲ ಮೇಲೆ ಕುಸಿದು ಕೂತ.

ಅವಳು ಕಣ್ಣೊರೆಸಿಕೊಂಡು ಕೇಳಿದಳು, ಈ ಕ್ಲಾಸು ತನ್ನದೆಂದು ಗೊತ್ತಿತ್ತೇ ಎಂದು. ಗೊತ್ತಿತ್ತು ಎಂದ. ಇದೇ ಮೆಟ್ಟಿಲ ತನಕ ಬಂದು ತಿರುಗಿ ಹೋಗುತ್ತಿದ್ದನಂತೆ. ಡಾಕ್ಟರು ನೆವವಾದರು.

“ನನ್ನ ಮುಂದ ಹೇಳಿದ್ದು ಸಾಲೂದಿಲ್ರಿ,” ಎಂದಳು ದಾಕ್ಷಾಯಿಣಿ. “ಹೇಳಬೇಕಾದವರ ಮುಂದ ಹೇಳ್ರಿ.”

ಭಾನುವಾರ ತುಕ್ಕಾನಟ್ಟಿಯ ಅದೇ ಪಡಸಾಲೆ. ಬಾಳೇಶ, ಅವನ ದೊಡ್ಡಪ್ಪ, ರಾಜಪ್ಪ ಕಾಕಾ. ದಾಕ್ಷಾಯಿಣಿ ಚಹಾ ತಂದಿಟ್ಟಳು.

ಬಾಳೇಶ ಕಪ್ಪು ಮುಟ್ಟಲಿಲ್ಲ. ಕೆಂಚಪ್ಪನವರ ಮುಖ ಕಪ್ಪಿಟ್ಟಿತು.

“ಮೊದಲ ಒಂದು ಮಾತು ಹೇಳ್ತೇನಿ ರೀ,” ಎಂದ ಅವನು. ಫೋನು ಯಾವಾಗ ಬಂತು, ಹುಡುಗಿ ಯಾವಾಗ ಬಂದಳು, ತಾನು ಯಾಕೆ ಎದ್ದೆ, ಯಾಕೆ ಸುಮ್ಮನಿದ್ದೆ... ಈ ಸಲ ಕನ್ನಡದಲ್ಲೇ, ಒಂದೂ ಬಿಡದೆ ಹೇಳಿದ. ದೊಡ್ಡಪ್ಪ ತಲೆ ಎತ್ತಲಿಲ್ಲ.

ಕೆಂಚಪ್ಪ ಕೊನೆತನಕ ಕೇಳಿದರು. ಆಮೇಲೆ ಮಗಳ ಕಡೆ ನೋಡಿದರು.

“ನೀ ಏನಂತೀಯವ್ವಾ?”

ಏನು ಹೇಳುವುದು? ನಾಲ್ಕು ಜನರೆದುರು ಹೆಣ್ಣುಮಗಳು ಹೇಗೆ ಹೇಳುವುದು? ಅವಳು ಮುಂದೆ ಬಂದು ಅವನ ಕಪ್ಪಿಗೆ ಕೈ ಹಾಕಿದಳು.

“ಚಹಾ ಆರೇತಿ ರೀ. ಬ್ಯಾರೆ ತರ್ತೇನಿ.”

ಕಪ್ಪನ್ನು ಅವನು ಬಿಡಲಿಲ್ಲ. ಅವಳಿಗಷ್ಟೇ ಕೇಳುವಂತೆ ಹೇಳಿದ.

“ಇರಲಿ ಬಿಡು. ಮೊದಲ ನೀ ಕುಂದ್ರು. ಆಮ್ಯಾಲ ಕುಡೀತೇನಿ.”

ಅವಳು ಕೂತಳು.