ಕೆಂಪು ಹುರಿ

ಹಿರಿಯರ ವಸತಿಯ ಊಟದ ಹಾಲ್‌ನಲ್ಲಿ ಎದುರು ಕೂತ ಮನುಷ್ಯ ತನ್ನ ಎದೆಯನ್ನೇ ನೋಡುತ್ತಿದ್ದಾನೆ ಎಂದು ಅವಳಿಗೆ ಅನ್ನಿಸಿತು. ಬಂದ ಮೊದಲ ದಿನವೇ. ಈ ವಯಸ್ಸಿನಲ್ಲಿ.

"ಏನ್ರೀ ಹಾಗೆ ನೋಡ್ತಿದೀರಿ?"

"ನಿಮ್ಮ ಸ್ವೆಟರ್ ಗುಂಡಿ," ಅಂದ. "ಒಂದೇ ಎಳೆ ಮೇಲೆ ನಿಂತಿದೆ. ಸೂಪಿಗೆ ಬೀಳುತ್ತೆ."

ಬಿತ್ತು.

ಅವಳು ನಕ್ಕಳು. ಗಂಡ ಹೋದಮೇಲೆ ಹಾಗೆ ನಕ್ಕದ್ದು ನೆನಪಿರಲಿಲ್ಲ.

ಅವನು ದುಡಿದು ದಣಿದ ಟೈಲರ್. ಅವಳು ಭೂಗೋಳ ಕಲಿಸಿ ನಿವೃತ್ತಳಾದ ಟೀಚರ್. ಅವಳು ಸ್ವೆಟರ್ ತೊಟ್ಟಿದ್ದ ಹಾಗೆಯೇ ಅವನು ಗುಂಡಿ ಹೊಲಿದ. ಅವನ ನೆರೆತ ಹುಬ್ಬುಗಳು ಅವಳ ಗದ್ದದ ಹತ್ತಿರವೇ ಇದ್ದವು.

"ಉಸಿರಾಡಿ ಟೀಚರ್. ಚುಚ್ಚಲ್ಲ."

ಆಮೇಲೆ ಅವಳ ಗುಂಡಿಗಳು ಮೇಲಿಂದ ಮೇಲೆ ಬೀಳತೊಡಗಿದವು. ಒಂದು ಮಧ್ಯಾಹ್ನ ಅವನು ದಾರದ ತುದಿಯನ್ನು ಬೆಳಕಿಗೆ ಹಿಡಿದ.

"ಇದು ಸವೆದು ಹೋದದ್ದಲ್ಲ. ಕತ್ತರಿ ಬಿದ್ದಿದೆ."

"ಇಲಿ ಇರಬೇಕು."

"ಓದಿದ ಇಲಿ," ಅಂದ. ಅವಳು ಕಿಟಕಿಯ ಕಡೆ ತಿರುಗಿದಳು. ಕಿವಿ ಬಿಸಿಯಾಗಿತ್ತು.

ಹಿರಿಯರ ಆ ವಸತಿಯಲ್ಲಿ ಕೆಳಮಹಡಿ ತಮ್ಮ ಕೆಲಸ ತಾವೇ ಮಾಡಿಕೊಳ್ಳುವವರದು. ಸ್ವಂತ ಬೀಗದ ಕೈ, ಸ್ವಂತ ಕೆಟಲ್. ಸ್ನಾನಕ್ಕೆ, ಮಾತ್ರೆಗೆ ಇನ್ನೊಬ್ಬರ ಕೈ ಬೇಕಾದವರು ಮೇಲೆ. ಅವರ ಊಟವೂ ಮೇಲೆಯೇ. ಪ್ರತಿ ಬಾತ್‌ರೂಮಿನಲ್ಲಿ ನೆಲದವರೆಗೆ ಒಂದು ಕೆಂಪು ಹುರಿ ಇಳಿಬಿದ್ದಿತ್ತು. ಎಳೆದರೆ ಸಿಸ್ಟರ್ ಓಡಿ ಬರುತ್ತಾಳೆ. ಪದೇ ಪದೇ ಎಳೆದವರನ್ನು ಮೇಲೆ ಕಳಿಸುತ್ತಾರೆ.

ಟೈಲರ್ ಒಮ್ಮೆ ತಲೆ ಸುತ್ತಿ ಎಳೆದಿದ್ದ. ಇನ್ನೊಮ್ಮೆ ಟವೆಲ್ ಎಂದುಕೊಂಡು ಎಳೆದಿದ್ದ.

"ಮತ್ತೊಂದ್ಸಲ ಎಳೆದ್ರೆ ಪ್ರಮೋಷನ್," ಅಂದ. "ಮಗಳೂ ಒಪ್ಪಿಬಿಟ್ಟಿದಾಳೆ."

"ಹೋಗಿ. ಮೇಲೆ ಗಾಳಿ ಚೆನ್ನಾಗಿರುತ್ತಂತೆ."

"ನಿಮ್ಮ ಇಲಿ ಗತಿ?"

ಮರುದಿನ ಅವನು ಸ್ಟೂಲ್ ಹತ್ತಿ, ತನ್ನ ಬಾತ್‌ರೂಮಿನ ಹುರಿಯನ್ನು ಮಡಚಿ ಮಡಚಿ ಮೇಲೆ ಗಂಟು ಹಾಕಿದ. ಕೈ ತಪ್ಪಿ ತಾಗಲೂಬಾರದು. ಸ್ಟೂಲ್ ಹಿಡಿದುಕೊಂಡವಳು ಅವಳೇ. ಇಬ್ಬರೂ ಶಾಲೆಗೆ ಚಕ್ಕರ್ ಹೊಡೆದವರ ಹಾಗೆ ನಕ್ಕಿದ್ದರು.

ಒಂದು ಬೆಳಿಗ್ಗೆ ತಿಂಡಿಯ ಹೊತ್ತಿಗೆ ಅವನ ಕುರ್ಚಿ ಖಾಲಿಯಿತ್ತು.

ಅವಳು ಅವನ ಕೋಣೆಗೆ ಹೋಗಿ ನೋಡಿದಾಗ ಅವನು ಬಾತ್‌ರೂಮಿನ ನೆಲದ ಮೇಲೆ ಬಿದ್ದಿದ್ದ. ತುಟಿ ನೀಲಿಯಾಗಿತ್ತು. ಕಣ್ಣು ಮೇಲೆ, ಅವನೇ ಹಾಕಿದ ಆ ಅಚ್ಚುಕಟ್ಟಾದ ಗಂಟಿನ ಮೇಲೆ ನೆಟ್ಟಿತ್ತು.

"ಯಾರಿಗೂ ಹೇಳಬೇಡಿ," ಅಂದ. "ಸ್ವಲ್ಪ ಹೊತ್ತು ಬಿಟ್ಟು ಏಳ್ತೀನಿ. ಬೇಡ ಟೀಚರ್. ನನ್ನನ್ನ ಮೇಲೆ ಹಾಕಿಬಿಡ್ತಾರೆ."

ಅವಳು ಸ್ಟೂಲನ್ನು ಎಳೆದುಕೊಂಡಳು.

"ಬೀಳ್ತೀರಿ."

"ಸುಮ್ನಿರು."

ಗಂಟು ಬಿಚ್ಚಲು ಬರಲಿಲ್ಲ. ಗಂಟನ್ನೇ ಹಿಡಿದು ಎಳೆದಳು. ದೂರದಲ್ಲೆಲ್ಲೋ ಗಂಟೆ ಹೊಡೆಯಿತು. ಅವನು ಮುಖವನ್ನು ಗೋಡೆಯ ಕಡೆ ತಿರುಗಿಸಿದ.

ಮೇಲಿನ ಕೋಣೆಯಲ್ಲೂ ಅವನು ಗೋಡೆಯ ಕಡೆಗೇ ಮುಖ ಮಾಡಿ ಮಲಗಿದ. ಅವಳು ದಿನವೂ ಭೇಟಿಯ ಹೊತ್ತಿಗೆ ಹೋಗಿ ಕುಳಿತು ಬಂದಳು. ಕೊನೆಗೆ ಅವನೇ ಬಾಯಿ ಬಿಟ್ಟ.

"ನೀವೇ ಕಳಿಸಿದ್ರಿ."

"ಹೌದು."

"ಎಳೆಯೋದಿಲ್ಲ ಅಂತ ಮಾತಾಡಿಕೊಂಡಿದ್ವಲ್ಲ ನಾವು."

"ಒಬ್ಬರನ್ನ ಹಾಗೆ ನೆಲದ ಮೇಲೆ ನೋಡಿದೀನಿ," ಅಂದಳು. "ಆಗ ತಡವಾಗಿತ್ತು. ನಿನ್ನನ್ನೂ ಹಾಗೆ ನೋಡೋ ಶಕ್ತಿ ನನಗಿಲ್ಲ. ಬೈಯೋದಾದ್ರೆ ಬೈದುಕೋ. ಬದುಕಿಕೊಂಡು ಬೈ."

ಅವನು ನಿಧಾನವಾಗಿ ಈ ಕಡೆ ಹೊರಳಿದ. ಅವಳ ಸ್ವೆಟರಿನ ಮೇಲೆ ಕಣ್ಣು ನಿಂತಿತು. ನಡುವೆ ಒಂದು ಗುಂಡಿ ಇರಲಿಲ್ಲ.

"ಇಲಿ ಮೆಟ್ಟಿಲೂ ಹತ್ತುತ್ತಾ?"

"ಮಂಡಿ ನೋವು. ಆದರೂ ಹತ್ತುತ್ತೆ."

ಅವಳು ಅಂಗೈ ಚಾಚಿದಳು. ಗುಂಡಿ, ಸೂಜಿ, ದಾರ.

"ಕೈ ನಡುಗುತ್ತೆ ಈಗ," ಅಂದ. "ಚುಚ್ಚಬಹುದು."

"ಚುಚ್ಚಲಿ."

ಬಹಳ ಹೊತ್ತು ಹಿಡಿಯಿತು. ಭೇಟಿಯ ಹೊತ್ತು ಮುಗಿಯಿತೆಂದು ಸಿಸ್ಟರ್ ಬಾಗಿಲಲ್ಲಿ ಬಂದು ನಿಂತಾಗ ಅವನು ದಾರವನ್ನು ಹಲ್ಲಿನಿಂದ ಕಡಿಯುತ್ತಿದ್ದ. ಗುಂಡಿ ಕಾಜಾದ ನೇರಕ್ಕಿರಲಿಲ್ಲ. ಅವನಿಗೆ ಅದು ಕಾಣಲಿಲ್ಲ.

ಅವಳು ಒಬ್ಬಳೇ ಕೆಳಗಿಳಿದಳು. ಎದುರಿನ ಕುರ್ಚಿಯಲ್ಲಿ ಈಗ ಬೇರೆ ಯಾರೋ ಕೂತಿದ್ದರು. ಸೂಪ್ ಬಡಿಸಿದ ಹುಡುಗಿ ಬಗ್ಗಿ, "ಸ್ವೆಟರ್ ಸೊಟ್ಟಗಾಗಿದೆ ಅಜ್ಜಿ, ಸರಿ ಮಾಡ್ಲಾ?" ಎಂದು ಕೈ ಚಾಚಿದಳು.

ಅವಳು ಗುಂಡಿಯನ್ನು ಅಂಗೈಯಿಂದ ಮುಚ್ಚಿದಳು.

"ಬೇಡಮ್ಮ. ಹಾಗೇ ಇರಲಿ."